ಸಹಾಯ ಬೇಕು: ಅಮೆರಿಕದ ಡಿವಿಡಿಗಳು ಕಂಪ್ಯೂಟರಿನಲ್ಲಿ ಓಡುತ್ತಿಲ್ಲ

ಎಲ್ಲರಿಗೂ ಶರಣು. ನಾನು ಆಳಂದ ತಾಲ್ಲೂಕಿನ ಶಾಲೆಯೊಂದರ ವಿಜ್ಞಾನ ಶಿಕ್ಷಕಿ. ಅಮೆರಿಕದಲ್ಲಿರುವ ನಮ್ಮ ಕಾಕಾ ಮೊನ್ನೆ ಕಲಬುರಗಿಗೆ ಬಂದಾಗ, ಮಕ್ಕಳಿಗೆಂದು ಖಗೋಳ ಪಾಠಗಳ 11 ಡಿವಿಡಿ ತಂದುಕೊಟ್ಟರು. ಏಳರ ಡಬ್ಬಿಯ ಹಿಂದೆ ಪುಟ್ಟ ಭೂಗೋಳದ ಚಿತ್ರ, ನಡುವೆ 1 ಎಂಬ ಅಂಕಿ. ಅದು ಅಮೆರಿಕದ ವಲಯ (ರೀಜನ್), ಅಂದರೆ ಡಿಸ್ಕ್ ಯಾವ ದೇಶಗಳಲ್ಲಿ ಓಡಬೇಕೆಂಬ ಗುರುತು. ಭಾರತದ್ದು 5ನೇ ವಲಯ. ಡಿಸ್ಕ್ ಹಾಕಿದರೆ ಸಾಕು, ಡ್ರೈವಿನ ವಲಯ ಬದಲಿಸಿ ಎಂಬ ಸೂಚನೆ ಬರುತ್ತದೆ.

ಇಲ್ಲೇ ನನಗೆ ಭಯ. ಆ ವಲಯವನ್ನು ನಾವು 5 ಸಲ ಮಾತ್ರ ಬದಲಿಸಬಹುದು. ಆಮೇಲೆ ಕೊನೆಯದೇ ಖಾಯಂ. ಲೆಕ್ಕ ಡ್ರೈವಿನೊಳಗೇ ಇರುವುದರಿಂದ ವಿಂಡೋಸ್ ಹೊಸದಾಗಿ ಹಾಕಿದರೂ ಅಳಿಯುವುದಿಲ್ಲ. ರಿಪೇರಿಗೆ ಕೊಟ್ಟಿದ್ದ ಅಂಗಡಿಯವರು ಹೇಳದೆ ಕೇಳದೆ ಮೂರು ಸಲ ಬದಲಿಸಿಬಿಟ್ಟಿದ್ದಾರೆ. ಡಿವೈಸ್ ಮ್ಯಾನೇಜರ್ ತೆರೆದು ಉಳಿದಿರುವುದು 2 ಎಂದು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ವಿಎಲ್‌ಸಿ ಎಂಬ ವಿಡಿಯೋ ಪ್ಲೇಯರ್ ತಂತ್ರಾಂಶ ಹಲವು ಡ್ರೈವ್‌ಗಳಲ್ಲಿ ವಲಯವನ್ನು ಲೆಕ್ಕಿಸದೆ ಡಿಸ್ಕ್ ಓಡಿಸುತ್ತದೆ. ನನ್ನದರಲ್ಲಿ ಮೆನು ಚೆನ್ನಾಗಿಯೇ ಬರುತ್ತದೆ. ಪಾಠ ಶುರುವಾದೊಡನೆ ಶನಿಗ್ರಹದ ಉಂಗುರಗಳೆಲ್ಲ ಹಸಿರು, ಗುಲಾಬಿ ಚೌಕಗಳಾಗಿ ಚೂರಾಗುತ್ತವೆ.

ಉಳಿದ ನಾಲ್ಕು ಡಬ್ಬಿಗಳ ಮೇಲೆ ಯಾವ ಗುರುತೂ ಇಲ್ಲ. ಡಿಸ್ಕಿನ ವಿಡಿಯೋ_ಟಿಎಸ್ ಫೋಲ್ಡರಿನ ಐಎಫ್‌ಒ ಕಡತದಲ್ಲಿ ವಲಯದ ಮಾಹಿತಿ ಇರುತ್ತದೆ. ಡ್ರೈವಿನ ವಲಯವನ್ನು ಬದಲಿಸದೆ ಆ ಮಾಹಿತಿಯನ್ನು ಓದಿ ತೋರಿಸುವ, ನೀವೇ ಬಳಸಿ ನೋಡಿದ ತಂತ್ರಾಂಶವಿದ್ದರೆ ದಯವಿಟ್ಟು ಹೆಸರು ತಿಳಿಸಿ. 1ನೇ ವಲಯಕ್ಕೆ ಹೊಂದಿಸಿದ ಯುಎಸ್‌ಬಿ ಡ್ರೈವ್ ಕಲಬುರಗಿಯಲ್ಲಿ ಯಾರ ಬಳಿಯಾದರೂ ಇದ್ದರೆ, ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಡಿಸ್ಕ್ ಹಿಡಿದುಕೊಂಡು ನಾನೇ ಬರುತ್ತೇನೆ.