ಪದಚರ್ಚೆ: ‘ಡಿನೈಡ್ ಬೋರ್ಡಿಂಗ್’ಗೆ ಕನ್ನಡದಲ್ಲಿ ಏನು? ತುರ್ತಾಗಿ ಬೇಕು

ದಾವಣಗೆರೆ, ಟೈಪಿಂಗ್ ಅಂಗಡಿಯಿಂದ:

ಎಲ್ಲರಿಗೂ ನಮಸ್ಕಾರ. ಕೋರ್ಟಿನ ಹತ್ತಿರ ನನ್ನದೊಂದು ಟೈಪಿಂಗ್ ಅಂಗಡಿ ಇದೆ. ನಾಳೆ ಹನ್ನೊಂದು ಗಂಟೆಯೊಳಗೆ ಒಂದು ದೂರು ತಯಾರಾಗಬೇಕು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವಂಥದ್ದು.

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ದೆಹಲಿಯಲ್ಲಿರುವ ಮಗಳ ಮನೆಗೆ ಹೊರಟಿದ್ದರು. ಟಿಕೆಟ್ ಖಾತ್ರಿಯಾಗಿತ್ತು. ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಟೈಮಿಗೆ ಮುಂಚೆಯೇ ಹೋಗಿದ್ದಾರೆ. ಕೌಂಟರಿನಲ್ಲಿ ‘ಫ್ಲೈಟ್ ಫುಲ್ ಆಗಿದೆ, ನಾಳೆ ರಾತ್ರಿಯದರಲ್ಲಿ ಕಳಿಸ್ತೀವಿ’ ಅಂದರಂತೆ. ಸೀಟಿಗಿಂತ ಜಾಸ್ತಿ ಟಿಕೆಟ್ ಮಾರಿದ್ದಾರೆ, ಅಷ್ಟೇ. ಮಾರನೆಯ ರಾತ್ರಿ ಕಳಿಸಿದ್ದು ಬಿಟ್ಟರೆ ಒಂದು ಪೈಸೆ ಕೊಟ್ಟಿಲ್ಲ.

ಇಂಗ್ಲಿಷ್ ಕರಡು ನನ್ನ ಕೈಯಲ್ಲಿದೆ. ಆದರೆ ಹಿರಿಯರು ‘ನಾನು ಓದೋಕಾಗದ ಕಾಗದಕ್ಕೆ ಸಹಿ ಹಾಕಲ್ಲ’ ಅಂತ ಕೂತಿದ್ದಾರೆ. ಅದಕ್ಕೇ ಕನ್ನಡಕ್ಕೆ ತರುತ್ತಿದ್ದೇನೆ. ಎಲ್ಲ ಸಲೀಸಾಗಿ ಬಂತು, ಈ ‘ಡಿನೈಡ್ ಬೋರ್ಡಿಂಗ್’ ಒಂದೇ ಗಂಟಲಲ್ಲಿ ಸಿಕ್ಕಿಕೊಂಡಿದೆ. ‘ಬೋರ್ಡಿಂಗ್ ನಿರಾಕರಣೆ’ ಅಂತ ಹಾಕಿದ್ದೆ. ಹಿರಿಯರು ಓದಿ, ‘ಊಟ, ವಸತಿ ನಾನು ಕೇಳೇ ಇಲ್ವಲ್ಲಪ್ಪ’ ಅಂದರು. ಅವರು ಓದುವಾಗ ಬೋರ್ಡಿಂಗ್ ಅಂದರೆ ಹುಡುಗರ ಹಾಸ್ಟೆಲ್. ಯಾರಾದರೂ ಒಂದು ಪದ ಕೊಡಿ.

ಚಿತ್ರದುರ್ಗ, ನಿವೃತ್ತ ಕನ್ನಡ ಉಪನ್ಯಾಸಕರು:

ವಿಮಾನಾರೋಹಣ ನಿರಾಕರಣೆ. ಇದರಲ್ಲಿ ಚರ್ಚೆ ಮಾಡುವಂಥದ್ದು ಏನೂ ಇಲ್ಲ.

ನಿಮ್ಮ ಹಿರಿಯರು ಹೇಳಿದ್ದು ಮಾತ್ರ ಸ್ವಾರಸ್ಯವಾಗಿದೆ. ಬೋರ್ಡ್ ಅಂದರೆ ಮೊದಲಿಗೆ ಹಲಗೆ. ಊಟದ ಹಲಗೆಯಿಂದ ಊಟಕ್ಕೆ ಬಂತು, ಊಟ ಹಾಕುವ ಮನೆಗೂ ಬಂತು. ಹಡಗಿನ ಪಕ್ಕದ ಹಲಗೆಯಿಂದ ಹಡಗು ಹತ್ತುವುದಕ್ಕೆ ಬಂತು. ಅದೇ ಮಾತು ಆಮೇಲೆ ವಿಮಾನಕ್ಕೂ ಅಂಟಿಕೊಂಡಿತು. ಎರಡೂ ಒಂದೇ ಹಲಗೆ.

ಹರಿಹರದಿಂದ:

ಅಡಿಕೆ ಬೆಳೆಗಾರರು ಓದಲಿ ಅಂತ ಕನ್ನಡಕ್ಕೆ ತರುತ್ತಿರುವುದು. ಅವರ ಕೈಗೆ ‘ವಿಮಾನಾರೋಹಣ’ ಕೊಟ್ಟರೆ ಇಂಗ್ಲಿಷೇ ವಾಸಿ ಅಂತಾರೆ. ನನ್ನ ಪದ: ಹತ್ತುತಡೆ. ಎರಡೂ ನಮ್ಮವೇ, ಬಾಯಿಗೂ ಹಗುರ. ‘ವಿಮಾನ ಹತ್ತುತಡೆ’ ಅಂತ ಬರೆಯಿರಿ.

ಚಿತ್ರದುರ್ಗದ ಉಪನ್ಯಾಸಕರು:

ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಅಂಟಿಸಿದ ದೋಷ. ಮುಂದಿನದು ಹೇಳಿ.

ಹರಿಹರದಿಂದ:

‘ಹತ್ತುತಡೆ’ ಗಮಕ ಸಮಾಸ, ಮೇಷ್ಟ್ರೇ. ಸುಡುವ ಕಾಡು ‘ಸುಡುಗಾಡು’ ಆದ ಹಾಗೆ. ಗಮಕಕ್ಕೆ ಅರಿಸಮಾಸದ ದೋಷ ಇಲ್ಲ ಅಂತ ಪಾಠ ಮಾಡಿದವರು ನಿಮ್ಮಂಥವರೇ ಅಲ್ವಾ?

ಚಿತ್ರದುರ್ಗದ ಉಪನ್ಯಾಸಕರು:

ಉದಾಹರಣೆ ಸರಿಯಾದದ್ದೇ ಸಿಕ್ಕಿದೆ. ಆ ಪದ ಹೋಗಬೇಕಾದ ಜಾಗವೂ ಅದೇ. ನಾನು ದೋಷ ಹೇಳಿದ್ದು ಮುಂದೆ ಅಂಟಿಸಿದ ‘ವಿಮಾನ’ಕ್ಕೆ. ಅದನ್ನು ತೆಗೆದರೆ ಹತ್ತಿದ್ದು ತೆಂಗಿನ ಮರವೋ, ಕೋಟೆಯೋ ಗೊತ್ತಾಗುವುದಿಲ್ಲ.

ಹೊಳಲ್ಕೆರೆಯಿಂದ:

ಸುಮ್ನೆ ಒಂದು ಅನುಮಾನ. ಹತ್ತುತಡೆ ಅಂದರೆ ಹತ್ತು ಕಡೆ ತಡೆದರು ಅಂತಲಾ?

ಹರಿಹರದಿಂದ:

ಹಾಗಾದರೆ ‘ಏರುತಡೆ’ ಮಾಡಿಕೊಳ್ಳಿ.

ಹೊಳಲ್ಕೆರೆಯಿಂದ:

ಬಿಪಿ ಮಾತ್ರೆ ಇದ್ದ ಹಾಗಿದೆ.

ಹರಿಹರದಿಂದ:

ನಗುವುದು ಸುಲಭ. ‘ನಿಲ್ದಾಣ’ ಕಟ್ಟಿದಾಗಲೂ ಯಾರೋ ನಕ್ಕಿರುತ್ತಾರೆ. ಈಗ ಸ್ಟೇಷನ್, ಸ್ಟ್ಯಾಂಡ್ ಎರಡರ ಪಕ್ಕದಲ್ಲೂ ಅದು ಗಟ್ಟಿಯಾಗಿ ನಿಂತಿದೆ. ಬಳಸಿದರೆ ಪದ ಉಳಿಯುತ್ತದೆ. ಸಂಸ್ಕೃತದಿಂದ ಸಾಲ ತಂದೇ ಬದುಕಬೇಕು ಅಂತ ಕನ್ನಡಕ್ಕೆ ಯಾರೂ ಶಾಪ ಹಾಕಿಲ್ಲ.

ಚಿತ್ರದುರ್ಗದ ಉಪನ್ಯಾಸಕರು:

ನಿಲ್ದಾಣದ ‘ತಾಣ’ ಸಂಸ್ಕೃತದ ‘ಸ್ಥಾನ’ದಿಂದ ಬಂದ ತದ್ಭವ. ವ್ಯಾಕರಣ ಬರೆದ ಕೇಶಿರಾಜ 13ನೇ ಶತಮಾನದಲ್ಲೇ ಇಂಥವಕ್ಕೆಂದು ಒಂದು ಪ್ರಕರಣ ಬರೆದಿಟ್ಟಿದ್ದಾನೆ. ಸಾಲ ತಂದು ತಲೆಮಾರು ಕಳೆದರೆ ಸಾಲ ಅಲ್ಲವೆಂದು ಆಗುವುದಿಲ್ಲ.

ದಾವಣಗೆರೆ, ಟೈಪಿಂಗ್ ಅಂಗಡಿಯಿಂದ:

ಸಾರ್, ಇಬ್ಬರಿಗೂ ಕೈ ಮುಗಿತೀನಿ. ನಾಳೆ ಹನ್ನೊಂದು ಗಂಟೆ.

ದಾವಣಗೆರೆ, ವಕೀಲರು:

ಗ್ರಾಹಕರ ಕೇಸುಗಳನ್ನು ನಡೆಸುತ್ತೇನೆ, ಅದಕ್ಕೇ ಬಾಯಿ ಹಾಕುತ್ತಿದ್ದೇನೆ. ಈ ಪದ ಯಾರು ತಪ್ಪು ಮಾಡಿದರು ಅನ್ನುವುದನ್ನು ತೋರಿಸಬೇಕು. ಇಲ್ಲಿ ಬಂದ ಮೂರೂ ಅದನ್ನು ಮುಚ್ಚಿಡುತ್ತವೆ.

ಮೊದಲು ‘ತಡೆ’. ಕೋರ್ಟು, ಆಯೋಗಗಳಲ್ಲಿ ತಡೆ ಅಂದರೆ ಸ್ಟೇ. ಅದಿರಲಿ, ವಿಮಾನ ನಿಲ್ದಾಣದಲ್ಲಿ ಒಬ್ಬರನ್ನು ತಡೆದರು ಅಂದಕೂಡಲೇ ಓದುವವರ ತಲೆಗೆ ಬರುವುದು ಭದ್ರತಾ ಸಿಬ್ಬಂದಿ. ಬ್ಯಾಗಿನಲ್ಲಿ ಏನೋ ಸಿಕ್ಕಿರಬೇಕು ಅಂದುಕೊಳ್ಳುತ್ತಾರೆ. ನಮ್ಮ ಹಿರಿಯರಿಗೆ ಅದೂ ಒಂದು ಬೇಕಾ?

‘ವಿಮಾನಾರೋಹಣ ನಿರಾಕರಣೆ’ ಇನ್ನೂ ಅಪಾಯ. ನಿರಾಕರಿಸಿದ್ದು ಯಾರು? ಪ್ರಯಾಣಿಕರೇ ಹತ್ತಲು ಒಪ್ಪಲಿಲ್ಲ ಅಂತಲೂ ಓದಬಹುದು. ಮೇಷ್ಟ್ರು ಬೇಸರ ಮಾಡಿಕೊಳ್ಳಬಾರದು. ಇಂಥ ಕೇಸುಗಳಲ್ಲಿ ಎದುರು ಕಡೆಯವರು ಹೇಳಬಹುದಾದದ್ದೂ ಇದೇ: ‘ಅವರು ಬರಲೇ ಇಲ್ಲ, ನಮ್ಮ ದಾಖಲೆಯಲ್ಲಿ ನೋ ಶೋ ಅಂತಿದೆ’. ನಮ್ಮ ದೂರಿನ ಮಾತೇ ಅವರಿಗೆ ದಾರಿ ಮಾಡಿಕೊಡಬಾರದು.

ವಿಮಾನ ಕಂಪನಿಗಳಿಗೆ ನಿಯಮ ಮಾಡುವ ಕೇಂದ್ರ ಸರ್ಕಾರದ ಸಂಸ್ಥೆ ಡಿಜಿಸಿಎ. ಅದರ ನಿಯಮ ನೋಡಿದರೆ ವಿಷಯ ಬಿಡಿಯಾಗುತ್ತದೆ. ಖಾತ್ರಿ ಟಿಕೆಟ್ ಇರಬೇಕು, ಪ್ರಯಾಣಿಕರು ಹೇಳಿದ ಸಮಯದೊಳಗೆ ಹಾಜರಾಗಿರಬೇಕು, ಆದರೂ ಅವರನ್ನು ಬಿಟ್ಟು ಹೋಗಿರಬೇಕು. ತಡವಾಗಿ ಬಂದವರ ಮಾತೇ ಬೇರೆ. ಸೀಟು ಸಾಲದಿದ್ದರೆ ಕಂಪನಿ ಮೊದಲು ‘ಯಾರಾದರೂ ಇಷ್ಟಪಟ್ಟು ಸೀಟು ಬಿಟ್ಟುಕೊಡ್ತೀರಾ’ ಅಂತ ಕೇಳಬೇಕು. ಹಾಗೆ ಕೇಳಿದರೇ, ಇಲ್ಲವೇ ಅನ್ನುವುದನ್ನೂ ದೂರಿನಲ್ಲಿ ಒಂದು ಸಾಲು ಬರೆಯಿರಿ. ಮೂಲ ವಿಮಾನದ ಸಮಯದಿಂದ ಒಂದು ಗಂಟೆಯೊಳಗೆ ಹೊರಡುವ ಬದಲಿ ವಿಮಾನ ಕೊಟ್ಟರೆ ಪರಿಹಾರ ಇಲ್ಲ. 24 ಗಂಟೆಯೊಳಗಿನದು ಕೊಟ್ಟರೆ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ ಸೇರಿಸಿ ಅದರ 200%, ಹೆಚ್ಚೆಂದರೆ 10,000 ರೂಪಾಯಿ. 24 ಗಂಟೆ ದಾಟಿದರೆ 400%, ಹೆಚ್ಚೆಂದರೆ 20,000. ಅದಕ್ಕೇ ‘ನಾಳೆ ರಾತ್ರಿ’ ಅಂತ ಬರೆದರೆ ಸಾಲದು. ಎರಡೂ ವಿಮಾನಗಳು ಎಷ್ಟು ಹೊತ್ತಿಗೆ ಹೊರಡುವುದಿತ್ತು ಅಂತ ಗಂಟೆ, ನಿಮಿಷದ ಸಮೇತ ಹಾಕಿ. 24ರ ಆಚೆಗೋ ಈಚೆಗೋ ಅನ್ನುವುದರ ಮೇಲೆ ದುಡ್ಡು ನಿಂತಿದೆ.

ಇನ್ನು ಪದ. ಬಸ್‌ಸ್ಟ್ಯಾಂಡಿಗೆ ಹೋಗಿ ಕೇಳಿ. ಕೈ ಅಡ್ಡ ಹಾಕಿದರೂ ಬಸ್ ನಿಲ್ಲಿಸದೆ ಹೋದರೆ ಜನ ಏನಂತಾರೆ? ‘ಹತ್ತಿಸ್ಕೊಳ್ಳಲಿಲ್ಲ’. ಇಲ್ಲೇ ಇದೆ ನಿಮ್ಮ ಪದ. ‘ಹತ್ತಲು ಬಿಡಲಿಲ್ಲ’ ಅಂದರೆ ಬಿಡದವರು ಪೊಲೀಸರಾಗಬಹುದು, ಹೆಂಡತಿಯಾಗಬಹುದು. ‘ಹತ್ತಿಸಿಕೊಳ್ಳಲಿಲ್ಲ’ ಅನ್ನುವುದು ಗಾಡಿ ಯಾರ ಕೈಯಲ್ಲಿದೆಯೋ ಅವರಿಗೆ ಮಾತ್ರ ಹೊಂದುತ್ತದೆ. ತಪ್ಪು ನೇರ ಅವರ ತಲೆಗೆ ಹೋಗುತ್ತದೆ.

ಹೀಗೆ ಬರೆಯಿರಿ: ‘ಖಾತ್ರಿ ಟಿಕೆಟ್ ಇದ್ದು, ಸಮಯಕ್ಕೆ ಸರಿಯಾಗಿ ಹಾಜರಾಗಿದ್ದರೂ ಎದುರುದಾರರು ದೂರುದಾರರನ್ನು ವಿಮಾನಕ್ಕೆ ಹತ್ತಿಸಿಕೊಳ್ಳಲಿಲ್ಲ.’ ಮೊದಲ ಸಲ ಬಂದಲ್ಲಿ ಮಾತ್ರ, ನಿಯಮಗಳಲ್ಲಿ ಇದನ್ನು ‘ಡಿನೈಡ್ ಬೋರ್ಡಿಂಗ್’ ಎನ್ನುತ್ತಾರೆ ಅಂತ ಒಂದು ಸಾಲು ಸೇರಿಸಿ. ನಾಮಪದವೇ ಬೇಕಾದಲ್ಲಿ ‘ಹತ್ತಿಸಿಕೊಳ್ಳದಿರುವುದು’. ತಲೆಬರಹಕ್ಕೆ ಇದ್ಯಾವುದೂ ಬೇಡ, ‘ಸೇವಾ ನ್ಯೂನತೆ’ ಸಾಕು.

ಬೆಂಗಳೂರಿನಲ್ಲೇ ಹಾಕಬೇಕಾ ಅಂತ ಹಿರಿಯರು ಕೇಳಿದರೆ, ಬೇಡ ಅನ್ನಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. ಎರಡು ವರ್ಷದೊಳಗೆ ಹಾಕಿದರಾಯಿತು.

ಹರಿಹರದಿಂದ:

ಮೇಡಂ, ‘ಹತ್ತಿಸಿಕೊಳ್ಳು’ ಒಪ್ಪಿದೆ. ಅಚ್ಚ ಕನ್ನಡ. ಆದರೆ ‘ಸೇವಾ ನ್ಯೂನತೆ’ ಯಾಕೆ? ‘ಸೇವೆಯಲ್ಲಿ ಕೊರತೆ’ ಅಂದರೆ ಆಯೋಗ ವಾಪಸ್ ಕಳಿಸುತ್ತಾ?

ದಾವಣಗೆರೆ, ವಕೀಲರು:

ಕಳಿಸಲ್ಲ. ಆದರೆ ಪೇಪರಿನಲ್ಲೂ ಆದೇಶದಲ್ಲೂ ರೂಢಿಗೆ ಬಂದಿರುವುದು ಅದು. ರೂಢಿಯ ಪದವನ್ನು ನನ್ನ ಕಕ್ಷಿದಾರರ ಖರ್ಚಿನಲ್ಲಿ ನಾನು ಬದಲಿಸಲ್ಲ.

ಚಿತ್ರದುರ್ಗದ ಉಪನ್ಯಾಸಕರು:

ಅಚ್ಚ ಕನ್ನಡದವರು ‘ದೂರುದಾರ’, ‘ಎದುರುದಾರ’ ನೋಡಿಯೂ ಸುಮ್ಮನಿದ್ದಾರೆ. ‘ದಾರ’ ಪಾರಸಿ ಪ್ರತ್ಯಯ. ‘ಕಾಯ್ದೆ’, ‘ವಕೀಲ’, ‘ಜಿಲ್ಲೆ’ ಕೂಡ ಅರಬ್ಬಿ ಮೂಲದವು. ಸಂಸ್ಕೃತ ಕಂಡರೆ ಮಾತ್ರ ಮೈ ಉರಿಯುವುದೇಕೆ?

ಹರಿಹರದಿಂದ:

ಅವು ಜನರ ಬಾಯಿಂದ ಬಂದವು. ನಿಮ್ಮವು ನಿಘಂಟಿನಿಂದ ಇಳಿದವು. ಅಷ್ಟೇ ವ್ಯತ್ಯಾಸ.

ಚಿತ್ರದುರ್ಗದ ಉಪನ್ಯಾಸಕರು:

ದಫ್ತರಿನಿಂದ ಬಂದವು. ಸುಲ್ತಾನರ, ಮರಾಠರ, ಹೈದರನ ಕಾಲದ ಕಂದಾಯದ ಲೆಕ್ಕದಿಂದ. ಜನ ಕೇಳಿ ತಂದದ್ದಲ್ಲ, ಮೇಲಿಂದ ಹೇರಿದ್ದು. ಆಮೇಲೆ ಒಗ್ಗಿಹೋಯಿತು. ನಾಳೆ ‘ಆರೋಹಣ’ವೂ ಒಗ್ಗಬಹುದು.

ಹೊಳಲ್ಕೆರೆಯಿಂದ:

‘ಗಿರಾಕಿ’ಯನ್ನು ಯಾರ ಲೆಕ್ಕಕ್ಕೆ ಬರೆಯೋಣ? ಮೂಲ ಗ್ರಾಹಕ, ಬಂದದ್ದು ಮರಾಠಿ ದಾರಿಯಲ್ಲಿ, ಇರುವುದು ನಮ್ಮ ಸಂತೆಯಲ್ಲಿ.

ದಾವಣಗೆರೆ, ಟೈಪಿಂಗ್ ಅಂಗಡಿಯಿಂದ:

ಮೇಡಂ, ತುಂಬಾ ಉಪಕಾರವಾಯಿತು. ಅಷ್ಟೂ ಕಡೆ ‘ಹತ್ತಿಸಿಕೊಳ್ಳಲಿಲ್ಲ’ ಹಾಕಿದೆ. ಕೆಲವು ವಾಕ್ಯಗಳನ್ನು ಮುರಿದು ಬರೆಯಬೇಕಾಯಿತು, ಓದುವುದಕ್ಕೆ ಮೊದಲಿಗಿಂತ ಚೆನ್ನಾಗಿದೆ. ಹೊರಡುವ ಸಮಯ ಹುಡುಕಿದರೆ, ಎರಡು ವಿಮಾನಗಳ ನಡುವೆ 26 ಗಂಟೆ ಬರುತ್ತದೆ. ಇನ್ನು ‘ನೋ ಶೋ’ಗೆ ಏನು ಹಾಕಲಿ? ಕಂಪನಿಯಿಂದ ಬಂದ ಮೇಲ್‌ನಲ್ಲಿ ನಿಜವಾಗಿಯೂ ಹಾಗೇ ಬರೆದಿದ್ದಾರೆ.

ದಾವಣಗೆರೆ, ವಕೀಲರು:

‘ಬಾರದವರು’. ಆ ಮೇಲ್ ಪ್ರಿಂಟ್ ತೆಗೆದು ದೂರಿಗೆ ಲಗತ್ತಿಸಿ, ಜೊತೆಗೆ ಅವರು ಸಮಯಕ್ಕೆ ಅಲ್ಲಿದ್ದರು ಅನ್ನುವುದಕ್ಕೆ ಏನು ಸಿಕ್ಕಿದರೂ ಇಡಿ. ಬಸ್ ಟಿಕೆಟ್, ಕೌಂಟರಿನ ಮುಂದೆ ತೆಗೆದ ಫೋಟೋ, ಯಾವುದಾದರೂ. ಇನ್ನು ದಯವಿಟ್ಟು ಈ ಪದಕ್ಕೂ ಯಾರೂ ಸಮಾಸ ಬಿಡಿಸಬೇಡಿ.

ಚಿತ್ರದುರ್ಗದ ಉಪನ್ಯಾಸಕರು:

‘ಬಾರದವರು’ ಸಮಾಸವೇ ಅಲ್ಲ, ಕೃದಂತನಾಮ. ಬಿಡಿಸುವುದಕ್ಕೆ ಏನೂ ಇಲ್ಲ.