ಮಂಡಿ ನೋವಿರುವ ಅಮ್ಮನ ಜೊತೆ ಬಾಡ್ ಗಾಸ್ಟೈನ್: ಹೋಗಬಹುದಾ?

ಪುತ್ತೂರಿನವನು, ಈಗ ಮ್ಯೂನಿಕ್:
ಊರಿಂದ ಅಮ್ಮ ಬಂದಿದ್ದಾರೆ. ವಯಸ್ಸು 66, ಮಂಡಿ ನೋವು, ಬಿಪಿ ಮಾತ್ರೆ ಇದೆ. ಆಸ್ಟ್ರಿಯಾದ ಬಾಡ್ ಗಾಸ್ಟೈನ್‌ನಲ್ಲಿ ನೆಲದಿಂದಲೇ ಬಿಸಿನೀರು ಬರುತ್ತದೆ ಅಂದೆ. "ನಮ್ಮ ಇರ್ದೆಯ ಬೆಂದ್ರು ತೀರ್ಥದ ಹಾಗಾ?" ಅಂತ ಕೇಳಿದರು, ಮುಖ ಅರಳಿತು. ಆದರೆ ಆ ಊರಲ್ಲಿ ಏರು ಜಾಸ್ತಿಯಂತೆ. ಸುರಂಗದೊಳಗೆ ರೈಲಿನಲ್ಲಿ ಹೋಗಿ ಮಲಗುವ ಚಿಕಿತ್ಸೆಯೂ ಇದೆಯಂತೆ. ಅದೆಲ್ಲ ಅಮ್ಮನಿಗೆ ಆಗುತ್ತಾ? ಒಂದೇ ದಿನದಲ್ಲಿ ಹೋಗಿ ಬರಬಹುದಾ?

ಸಾಲ್ಜ್‌ಬರ್ಗ್ ಅಕ್ಕ:
ಖಂಡಿತ ಕರ್ಕೊಂಡು ಹೋಗಿ ತಮ್ಮಾ. ಆದರೆ ಒಂದೇ ದಿನಕ್ಕೆ ಬೇಡ, ಎರಡು ರಾತ್ರಿಯಾದರೂ ಇರಿ. ನಮ್ಮ ಅತ್ತೆಯನ್ನು ಕರ್ಕೊಂಡು ಹೋಗಿದ್ದೆ. ಅವರಿಗೂ ಮಂಡಿ ನೋವೇ.

ಊರು ಸುಮಾರು 1,000 ಮೀಟರ್ ಎತ್ತರದಲ್ಲಿದೆ. ನಡುವೆಯೇ ಜಲಪಾತ. ಮೂರು ಹಂತ ಸೇರಿ 341 ಮೀಟರ್ ಇಳಿಯುತ್ತದೆ. ಸೇತುವೆ ಮೇಲೆ ಐದು ನಿಮಿಷ ನಿಂತದ್ದಕ್ಕೇ ಅತ್ತೆಯ ಕನ್ನಡಕದ ತುಂಬ ಹನಿ. ಸೆರಗಿನಿಂದ ಒರೆಸುವುದು, ಹಾಕುವುದು, ಮತ್ತೆ ಒರೆಸುವುದು, ಆದರೂ ಅಲ್ಲಿಂದ ಕದಲಲಿಲ್ಲ. ರಾತ್ರಿ ಮಾತ್ರ ಆ ಸದ್ದಿಗೆ ನಿದ್ದೆ ಬರಲಿಲ್ಲ. ಹಾಗಾಗಿ ರೂಮು ಜಲಪಾತದಿಂದ ಸ್ವಲ್ಪ ದೂರ, ಸ್ಟೇಷನ್ ಹತ್ತಿರ ಇರಲಿ. ಸ್ಟೇಷನ್ ಇರುವುದು ಊರಿನ ಮೇಲ್ಭಾಗದಲ್ಲಿ, ಎದುರಿಗೇ ಫೆಲ್ಸೆನ್‌ಥೆರ್ಮೆ ಎಂಬ ಬಿಸಿನೀರಿನ ಕೊಳ. ಅಮ್ಮನಿಗೆ ಅದೇ ಸರಿ. ಒಳಗೆ ಒಂದು ಕಡೆ ಗೋಡೆಯ ಬದಲು ಬೆಟ್ಟದ ಬಂಡೆಯೇ ಇದೆ. ಕೆಳಗೆ ಜಲಪಾತಕ್ಕೆ ಹೋಗುವ ಏರಿಳಿತ ಕಷ್ಟ, ಪಾರ್ಕಿಂಗ್ ಕಟ್ಟಡದ ಲಿಫ್ಟ್ ಬಳಸಿ.

ಒಂದು ಮಾತು ಮೊದಲೇ ಅಮ್ಮನಿಗೆ ಹೇಳಿಬಿಡಿ: ಚೂಡಿದಾರದಲ್ಲಿ ನೀರಿಗೆ ಇಳಿಯಲು ಬಿಡುವುದಿಲ್ಲ, ಈಜುಡುಗೆ ಬೇಕು. ಸೌನಾ ಕಡೆಗೆ ಹೋಗಬೇಡಿ, ಅಲ್ಲಿ ಬಟ್ಟೆಯಿಲ್ಲದೆ ಕೂರುವುದು ಇಲ್ಲಿಯ ರೂಢಿ. ಗೊತ್ತಿಲ್ಲದೆ ಬಾಗಿಲು ತೆಗೆದು ಅತ್ತೆ ತುಂಬ ಮುಜುಗರಪಟ್ಟರು. ಮೊದಲೇ ಹೇಳಬೇಕಿತ್ತು ಅಂತ ನನಗೆ ಇವತ್ತಿಗೂ ಬೇಜಾರು.

ಇನ್ನು ಸುರಂಗ. ಅದು ಪಕ್ಕದ ಬ್ಯೋಕ್‌ಸ್ಟೈನ್‌ನಲ್ಲಿದೆ. 1940ರ ದಶಕದಲ್ಲಿ ಚಿನ್ನ ಹುಡುಕಲು ಕೊರೆದದ್ದು. ಚಿನ್ನ ಕೈಗೆ ಹತ್ತಲಿಲ್ಲ. ಕೆಲಸಗಾರರ ಕೀಲು ನೋವು ಕಡಿಮೆಯಾಯಿತು ಅನ್ನುವ ಮಾತು ಹರಡಿತು, 1952ರಿಂದ ಚಿಕಿತ್ಸೆ ಶುರು. ಪುಟ್ಟ ರೈಲು ಬೆಟ್ಟದೊಳಗೆ ಸುಮಾರು ಎರಡು ಕಿಲೋಮೀಟರ್ ಹೋಗುತ್ತದೆ. ಒಳಗೆ 41 ಡಿಗ್ರಿವರೆಗೂ ಸೆಕೆ, ಮಳೆಗಾಲದ ಮಂಗಳೂರಿಗಿಂತ ಜಾಸ್ತಿ ತೇವ. ಗಾಳಿಯಲ್ಲಿ ರೇಡಾನ್ ಇದೆ, ಅದು ವಿಕಿರಣ ಇರುವ ಅನಿಲ. ಅದಕ್ಕೇ ಅಲ್ಲಿಯ ಡಾಕ್ಟರ್ ಮೊದಲು ಪರೀಕ್ಷೆ ಮಾಡುತ್ತಾರೆ. ಬಿಪಿ ಇರುವವರನ್ನು ನಾನಾದರೆ ಸುಮ್ನೆ ಕುತೂಹಲಕ್ಕೆ ಕರ್ಕೊಂಡು ಹೋಗುವುದಿಲ್ಲ.

ಗುಡ್ಡ ಸುತ್ತುವವ:
ಅಕ್ಕ ಹೇಳಿದ್ದು ಸರಿ. ಬಿಸಿಲಿದ್ದರೆ ಸ್ಟೇಷನ್ ಹತ್ತಿರದಿಂದಲೇ ಕೇಬಲ್ ಕಾರ್ ಹತ್ತಿ ಸ್ಟುಬ್ನರ್‌ಕೋಗೆಲ್‌ಗೆ ಹೋಗಿ. ಮೇಲೆ 140 ಮೀಟರ್ ಉದ್ದದ ತೂಗುಸೇತುವೆ ಇದೆ. ಅಮ್ಮ ಸೇತುವೆ ದಾಟದಿದ್ದರೂ ಪರವಾಗಿಲ್ಲ, ಕೂತು ನೋಡಿದರೆ ಸಾಕು. ಸ್ವೆಟರ್ ಮರೀಬೇಡಿ.

ಪುತ್ತೂರಿನವನು, ಈಗ ಮ್ಯೂನಿಕ್:
ತುಂಬಾ ಥ್ಯಾಂಕ್ಸ್! ಎರಡು ರಾತ್ರಿಗೇ ಬುಕ್ ಮಾಡುತ್ತೇನೆ. ಅಮ್ಮ ರಿಟೈರ್ಡ್ ಹಿಸ್ಟರಿ ಟೀಚರ್. ಕಥೆ ಏನಾದರೂ ಇದ್ದರೆ ಹೇಳಿ ಅಕ್ಕಾ.

ಸಾಲ್ಜ್‌ಬರ್ಗ್ ಅಕ್ಕ:
ಹಾಗಾದರೆ ಜಲಪಾತದ ಪಕ್ಕದ ಸ್ಟ್ರಾಬಿಂಗರ್ ಹೋಟೆಲ್ ತೋರಿಸಿ. 1865ರ ಆಗಸ್ಟ್‌ನಲ್ಲಿ ಆಗಿನ ಜರ್ಮನ್ ರಾಜ್ಯ ಪ್ರಷ್ಯದ ಪ್ರಧಾನಿ ಬಿಸ್ಮಾರ್ಕ್ ಅಲ್ಲೇ ಗಾಸ್ಟೈನ್ ಒಪ್ಪಂದಕ್ಕೆ ಸಹಿ ಹಾಕಿದ್ದು. ಡೆನ್ಮಾರ್ಕ್‌ನಿಂದ ಗೆದ್ದ ಎರಡು ಪ್ರಾಂತ್ಯಗಳಲ್ಲಿ ಶ್ಲೆಸ್ವಿಗ್ ಪ್ರಷ್ಯದ ಆಡಳಿತಕ್ಕೆ, ಹೋಲ್‌ಸ್ಟೈನ್ ಆಸ್ಟ್ರಿಯದ ಆಡಳಿತಕ್ಕೆ. ಮರುವರ್ಷವೇ ಪ್ರಷ್ಯ, ಆಸ್ಟ್ರಿಯ ಎರಡೂ ಯುದ್ಧಕ್ಕೆ ನಿಂತವು. ಪ್ರಷ್ಯದ ರಾಜ ಒಂದನೇ ವಿಲ್ಹೆಲ್ಮ್ ಮತ್ತೆ ಮತ್ತೆ ಸ್ನಾನಕ್ಕೆ ಬರುತ್ತಿದ್ದ ಊರಿದು. 1905ರಲ್ಲಿ ರೈಲು ಬಂತು.

ನನಗೆ ಸಂಕಟವಾಗುತ್ತಿದ್ದದ್ದು ಆಮೇಲಿನ ಕಥೆಗೆ. ಸ್ಟ್ರಾಬಿಂಗರ್ ಮತ್ತು ಪಕ್ಕದ ಬಾಡೆಶ್ಲೋಸ್ ಹೋಟೆಲ್ ವರ್ಷಗಟ್ಟಲೆ ಬೀಗ ಹಾಕಿ ಬಿದ್ದಿದ್ದವು. ನಾನು ಮೊದಲ ಸಲ ಹೋದಾಗ ಕಿಟಕಿಗಳಿಗೆ ಹಲಗೆ ಹೊಡೆದಿದ್ದರು. ಕೊನೆಗೆ ಸಾಲ್ಜ್‌ಬರ್ಗ್ ಸರ್ಕಾರವೇ ಕೊಂಡು ಬೇರೆಯವರಿಗೆ ಮಾರಿತು, 2023ರಲ್ಲಿ ಎರಡೂ ಮತ್ತೆ ತೆರೆದವು. ಸಂಜೆ ಆ ಕಿಟಕಿಗಳಲ್ಲಿ ದೀಪ ಹತ್ತುವ ಹೊತ್ತಿಗೆ ಅಮ್ಮನನ್ನು ಅಲ್ಲಿ ನಿಲ್ಲಿಸಿ. ಮತ್ತೆ ನೀರಿಗೆ ಬೆಂದ್ರು ತೀರ್ಥದ ಹೋಲಿಕೆ ಇದೆಯಾ ಅಂತ ಕೇಳಿ ಇಲ್ಲಿ ಬರೆಯಿರಿ, ನಾನು ಕಾಯುತ್ತಿರುತ್ತೇನೆ.