ವಾ-ಎಲ್ ವಾಪಸ್ ಹಾಕಿದ್ರೂ ಜೆಲ್ ಮ್ಯಾಲ ಲ್ಯಾಡರ್ ಬರವಲ್ದು

ಕಲಬುರಗಿ_ಬೆಂಚ್
ಮೂರು ವಾರದಿಂದ ಇದೇ ನಡದದ. ಇ. ಕೋಲೈ ಬ್ಯಾಕ್ಟೀರಿಯಾದ ವಾ-ಎಲ್ (waaL) ಜೀನ್ ತೆಗೆದ ಮ್ಯೂಟಂಟ್‌ಗೆ ಅದೇ ಜೀನ್ ಇರೋ ಪ್ಲಾಸ್ಮಿಡ್ (ಜೀನ್ ಹೊತ್ತ ಸಣ್ಣ ಡಿಎನ್‌ಎ ಉಂಗುರ) ಹಾಕೀನಿ. ಆ ಜೀನಿನ ಕಿಣ್ವದಿಂದ ಒ-ಆ್ಯಂಟಿಜನ್ (ಕೋಶದ ಹೊರಮೈ ಮ್ಯಾಲಿನ ಸಕ್ಕರೆ ಸರಪಳಿ) ಕೋರ್‌ಗೆ, ಅಂದ್ರ ಬುಡದ ಸಕ್ಕರೆಗಳಿಗೆ, ಕೂಡಿ ಜೆಲ್ ಮ್ಯಾಲ ಮೆಟ್ಟಿಲು ಮೆಟ್ಟಿಲಾಗಿ (ಲ್ಯಾಡರ್) ಕಾಣಬೇಕಿತ್ತು. ಕೆಳಗ ಒಂದೇ ದಪ್ಪ ಬ್ಯಾಂಡ್ ಬರತದ, ಮ್ಯಾಲ ಪೂರಾ ಖಾಲಿ. ಸೀಕ್ವೆನ್ಸ್ ಸರಿ ಅದ, ಇಂಡಕ್ಷನ್ (ಜೀನ್ ಚಾಲೂ ಮಾಡೋದು) ಸರಿ ಅದ, 15% ಜೆಲ್, ಸಿಲ್ವರ್ ಸ್ಟೇನ್ (ಬೆಳ್ಳಿಯಿಂದ ಬ್ಯಾಂಡ್‌ಗೆ ಬಣ್ಣ ಹಚ್ಚೋದು). ಎಲ್ಲಿ ತಪ್ಪೀನಿ ಹೇಳ್ರಿ.

ಬೀದರ್_ಸಿಲ್ವರ್
ಸ್ಟೇನ್‌ದೇ ತಪ್ಪದ. ಪೆರಿಯಾಡಿಕ್ ಆಸಿಡ್ ಹಾಕೀರೇನು? ಅದು ಸಕ್ಕರೆಯ ಅಕ್ಕಪಕ್ಕದ ಹೈಡ್ರಾಕ್ಸಿಲ್ ಒಡೆದು ಆಲ್ಡಿಹೈಡ್ ಮಾಡತದ, ಬೆಳ್ಳಿ ಕೂಡೋದು ಅಲ್ಲೇ. 40% ಎಥನಾಲ್, 5% ಅಸಿಟಿಕ್ ಆಸಿಡ್‌ನಾಗ ರಾತ್ರಿಯೆಲ್ಲಾ ಫಿಕ್ಸ್. ಅದೇ ದ್ರಾವಣದಾಗ 0.7% ಪೆರಿಯಾಡಿಕ್ ಆಸಿಡ್ 5 ನಿಮಿಷ. ಮೂರು ಸಲ 15 ನಿಮಿಷ ತೊಳೀರಿ. ಪ್ರೋಟೀನ್ ಒಡೆಯೋ ಕಿಣ್ವ ಪ್ರೋಟೀನೇಸ್-ಕೆ ಹಳೇದಿದ್ರೂ ಪ್ರೋಟೀನ್ ಉಳಿದು ಗೊಂದಲ ಆಗತದ.

ಕಲಬುರಗಿ_ಬೆಂಚ್
ಎಲ್ಲಾ ಹಾಕೀನ್ರಿ. ಓಡಿ (ಕಲ್ಚರ್‌ನ ದಟ್ಟಣೆ) 0.6ರ ಕಲ್ಚರ್ 1.5 ಎಂಎಲ್, 50 ಮೈಕ್ರೋಲೀಟರ್ ಲೈಸಿಸ್ ಬಫರ್, 100 ಡಿಗ್ರಿ 10 ನಿಮಿಷ, ಆಮೇಲೆ 25 ಮೈಕ್ರೋಗ್ರಾಂ ಪ್ರೋಟೀನೇಸ್-ಕೆ, 60 ಡಿಗ್ರಿಯೊಳಗ ಒಂದು ತಾಸು.

ಬೀದರ್_ಸಿಲ್ವರ್
ಹಂಗಾದ್ರ ನೀರು. ಬೋರ್ ನೀರಿನ ಕ್ಲೋರೈಡ್ ಉಳಿದಿದ್ರ ಬೆಳ್ಳಿ ಬಿಳಿ ಮೋಡ ಆಗಿ ಕೂಡತದ. ಬ್ಯಾಟರಿ ಅಂಗಡಿ ಕ್ಯಾನಿನ ನೀರು ನಂಬಬ್ಯಾಡ್ರಿ: 5 ಎಂಎಲ್‌ಗೆ ಎರಡು ಹನಿ ಸಿಲ್ವರ್ ನೈಟ್ರೇಟ್ ಹಾಕಿ ಕಪ್ಪು ಹಾಳೆ ಮ್ಯಾಲ ಹಿಡೀರಿ, ಮಬ್ಬಾದ್ರ ಆ ನೀರು ಬ್ಯಾಡ.

ಯಾದಗಿರಿ_ಪ್ಲೇಟ್
ಅಮೋನಿಯಾ ಬೆರೆಸಿದ ಬೆಳ್ಳಿ ದ್ರಾವಣ ಇಟ್ಟುಕೊಳ್ಳಬ್ಯಾಡ್ರಿ. ಒಣಗಿದ್ರ ಸ್ಫೋಟ ಆಗೋ ಸಂಯುಕ್ತ ಆಗತದ. ಕೆಲಸ ಮುಗಿದ ಕೂಡಲೇ ಉಪ್ಪಿನ ನೀರು ಹಾಕಿ ಬೆಳ್ಳಿ ಇಳಿಸಿ ಬಿಡ್ರಿ.

ಕೆಳಗಿನ ಬ್ಯಾಂಡ್ ಚಲೋ ಬಂದದ ಅಂದ್ರ ಸ್ಟೇನ್ ಸರಿ ಅದ ಅಂತಾಯ್ತಲ್ಲ. ಪೇರೆಂಟ್ (ಜೀನ್ ತೆಗೆಯದ ಮೂಲ ತಳಿ) ಲೇನ್ ಹ್ಯಾಂಗ ಅದ? ಸ್ಟ್ರೇನ್ (ತಳಿ) ಯಾವುದು? ಇನ್ನೂ ಹೇಳಿಲ್ಲ.

ಕಲಬುರಗಿ_ಬೆಂಚ್
ಬಿಡಬ್ಲ್ಯೂ25113. ಪೇರೆಂಟ್‌ನಾಗೂ ಲ್ಯಾಡರ್ ಇಲ್ಲ. ಅದಕ್ಕೇ ಸ್ಟೇನ್ ಮ್ಯಾಲ ನನಗ ಅನುಮಾನ.

ಯಾದಗಿರಿ_ಪ್ಲೇಟ್
ಅದು ಕೆ-12 ಅನ್ನೋ ಲ್ಯಾಬ್ ಇ. ಕೋಲೈ ವಂಶದ್ದು. ಕೆ-12ರಾಗ ಡಬ್ಲ್ಯೂಬಿಬಿ-ಎಲ್ (wbbL) ಜೀನಿನ ನಡುವ ಐಎಸ್5 ಅನ್ನೋ ಜಿಗಿಯೋ ಡಿಎನ್‌ಎ ತುಂಡು ತೂರಿ ಕೂತದ. ಒ16 (ಕೆ-12ರ ಒ-ಆ್ಯಂಟಿಜನ್) ಸರಪಳಿಯ ಘಟಕಕ್ಕ ರಾಮ್ನೋಸ್ ಸಕ್ಕರೆ ಕೂಡಿಸೋ ಕಿಣ್ವ ಆ ಜೀನಿನದೇ. ಘಟಕನೇ ಪೂರ್ತಿ ಆಗಂಗಿಲ್ಲ ಅಂದ್ರ ವಾ-ಎಲ್ ಏನು ಕೂಡಿಸ್ಬೇಕು? ಕೆ-12ರ ಬ್ಯಾರೆ ತಳಿಗಳಾದ ಎಂಜಿ1655, ಡಬ್ಲ್ಯೂ3110, ಡಿಎಚ್5-ಆಲ್ಫಾ, ಎಲ್ಲಾದರದೂ ಇದೇ ಕಥಿ.

ಬೀದರ್_ಸಿಲ್ವರ್
ಒಪ್ಪಂಗಿಲ್ರಿ. ಆ ಸ್ಟ್ರೇನ್‌ನಾಗ ರಾಮ್ನೋಸ್ ಜೀನ್‌ಗಳನ್ನೇ ತೆಗೆದಾರ. ಡಬ್ಲ್ಯೂಬಿಬಿ-ಎಲ್ ಕೊಟ್ರೂ ರಾಮ್ನೋಸ್ ಎಲ್ಲಿಂದ ಬರತದ?

ಯಾದಗಿರಿ_ಪ್ಲೇಟ್
ತೆಗೆದದ್ದು ಹೊರಗಿನ ರಾಮ್ನೋಸ್ ತಿನ್ನೋ ಜೀನ್‌ಗಳು, ಆರ್‌ಎಚ್‌ಎ-ಬಿಎಡಿ. ಸರಪಳಿಗೆ ಬೇಕಾದ ಡಿಟಿಡಿಪಿ-ರಾಮ್ನೋಸ್ ಗ್ಲೂಕೋಸ್-1-ಫಾಸ್ಫೇಟ್‌ನಿಂದ ಆಗತದ, ಆರ್‌ಎಂಎಲ್ ಕಿಣ್ವಗಳು ಮಾಡತಾವ. ಆ ದಾರಿ ಪೂರಾ ಸರಿ ಅದ. ಅರಾಬಿನೋಸ್ ತಿನ್ನೋ ಜೀನ್‌ಗಳೂ ಇಲ್ಲ, ಅದು ಒಳ್ಳೇದೇ: ಅರಾ ಪ್ರಮೋಟರ್ (ಅರಾಬಿನೋಸ್ ಸಿಕ್ಕಾಗ ಜೀನ್ ಚಾಲೂ ಮಾಡೋ ಸ್ವಿಚ್) ಇಟ್ರ 0.2% ಅರಾಬಿನೋಸ್ ಖರ್ಚಾಗಂಗಿಲ್ಲ.

ಬೆಂಚ್ ಅವರೇ, ವಾ-ಎಲ್ ಪ್ಲಾಸ್ಮಿಡ್ ಮೊದಲು ಹಾಕ್ರಿ, ಆಮೇಲೆ ಪಿ15ಎ ಮೂಲದ (ಮೊದಲನೇದರ ಜೊತಿಗೆ ಕೋಶದಾಗ ಉಳಿಯೋ) ಬ್ಯಾರೆ ಪ್ಲಾಸ್ಮಿಡ್‌ನಾಗ ಡಬ್ಲ್ಯೂಬಿಬಿ-ಎಲ್. ತಿರುಗಾ ಮಾಡಿದ್ರ ಕೂಡಿಸೋ ಕಿಣ್ವ ಇಲ್ದ ಸರಪಳಿಗಳು ಅವನ್ನ ಹೊರೋ ಲಿಪಿಡ್ ಅನ್‌ಡೆಕಾಪ್ರೆನಿಲ್ ಮ್ಯಾಲೇ ಸಿಕ್ಕಿಕೊಂಡು ನಿಲ್ಲತಾವ. ಆ ಲಿಪಿಡ್ ಜೀವಕೋಶದ ಗೋಡೆ ಕಟ್ಟೋಕೂ ಬೇಕು. ಕೋಶದ ಆಕಾರ ಕೆಡತದ, ಸಪ್ರೆಸರ್‌ಗಳು (ಆ ತೊಂದ್ರೆ ತಪ್ಪಿಸೋ ಹೊಸ ರೂಪಾಂತರಗಳು) ಬರತಾವ. ಮ್ಯೂಟಂಟ್ ಕೀಯೋ ಸಂಗ್ರಹದ್ದಾದ್ರ (ಒಂದೊಂದೇ ಜೀನ್ ತೆಗೆದ ಇ. ಕೋಲೈಗಳ ಸಂಗ್ರಹ) ಕ್ಯಾನಾಮೈಸಿನ್ ತಡೆಯೋ ಕ್ಯಾಸೆಟ್ ಅದರಾಗೇ ಅದ, ಅದೇ ಮಾರ್ಕರ್ ಇರೋ ಪ್ಲಾಸ್ಮಿಡ್ ನಡೆಯಂಗಿಲ್ಲ. ಆ ಕ್ಯಾಸೆಟ್ ಬಿಸಿಗೆ ಉಳಿಯದ ಪಿಸಿಪಿ20 ಪ್ಲಾಸ್ಮಿಡ್‌ನಿಂದ ತೆಗೀಬೇಕು ಅಂದ್ರ 30 ಡಿಗ್ರಿ ಇನ್‌ಕ್ಯುಬೇಟರ್ ಬೇಕೇ ಬೇಕು. ಮೇ ತಿಂಗಳಿನಾಗ ಕಲಬುರಗಿ ಕೋಣೆ ಬಿಸಿಗೆ ಬೆಂಚಿನ ಮ್ಯಾಲಿನ ಪ್ಲೇಟ್‌ನಾಗೇ ಆ ಪ್ಲಾಸ್ಮಿಡ್ ಕಳೆದು ಹೋಗತದ. ಪಿ1 ಫೇಜ್‌ನಿಂದ (ಬ್ಯಾಕ್ಟೀರಿಯಾಕ್ಕೆ ತಗಲೋ ವೈರಸ್) ಜೀನ್ ಸಾಗಿಸೋ ಕೆಲಸ ಇದ್ರೂ ಒ-ಆ್ಯಂಟಿಜನ್ ಬರೋಕಿಂತ ಮೊದಲೇ ಮುಗಿಸ್ರಿ; ಅದು ಬಂದ ಮ್ಯಾಲ ಫೇಜ್ ಕೂಡೋ ಜಾಗ ಮುಚ್ಚಿ ಹೋಗತದ.

ಕಲಬುರಗಿ_ಬೆಂಚ್
ಪೇರೆಂಟ್‌ಗೆ ಡಬ್ಲ್ಯೂಬಿಬಿ-ಎಲ್ ಹಾಕಿ ನೋಡಿದೆ. ಲ್ಯಾಡರ್ ಬಂತು! 10ರಿಂದ 18 ಘಟಕದ ಸುತ್ತ ಗುಂಪಾಗಿ ನಿಂತದ. ಮ್ಯೂಟಂಟ್‌ಗೆ ಎರಡೂ ಪ್ಲಾಸ್ಮಿಡ್ ಒಟ್ಟಿಗೆ ಹಾಕಿದ್ದೆ, ಕಾಲೊನಿ ಎರಡು ನಮೂನಿ, ಸಣ್ಣವು ಮತ್ತು ದೊಡ್ಡವು.

ಯಾದಗಿರಿ_ಪ್ಲೇಟ್
ಎರಡೂ ನಮೂನಿ ಬಿಟ್ಟುಬಿಡ್ರಿ. ಮೊದಲು ವಾ-ಎಲ್, ಅದರ ಕಾಲೊನಿ ಶುದ್ಧ ಮಾಡಿ, 0.2% ಗ್ಲೂಕೋಸ್ ಹಾಕಿ ಅರಾ ಪ್ರಮೋಟರ್ ಅದುಮಿಟ್ಟು ಎರಡನೇದು. ಪ್ಲೇಟ್ ಮ್ಯಾಲ ಒಂದೇ ಸೈಜಿನ ಕಾಲೊನಿ ಬಂದ ಮ್ಯಾಲೇ ಜೆಲ್ ಓಡಿಸ್ರಿ.

ಬೀದರ್_ಸಿಲ್ವರ್
ರಾಮ್ನೋಸ್ ವಿಷಯ ಒಪ್ಪಿದೆ. ನೀರಿನ ಪರೀಕ್ಷೆ ಮಾತ್ರ ಮಾಡೇ ಮಾಡ್ರಿ.